ಯಮನೂರ ಪದವಿಯ ವಿಷಯವಾಗಿ ಒಂದು ಬಿನ್ನಹ

ವಿಸ್ತರಿತ ಕ್ರಿಸ್ತ ಶಕೆ ೨೪೮೭, ಆಷಾಢದ ಮೂವತ್ತೇಳನೆಯ ದಿನ, ಎರಡನೆಯ ಮಧ್ಯಾಹ್ನ
ನೆಲಶಾಲೆ, ಮೇಲ್ಹಾವೇರಿ

ಹೆಸರು ತಿಳಿಯದ ಸಂಗೀತದ ಟೀಚರ್ ಅವರಿಗೆ ಗೌರವಪೂರ್ವಕ ನಮಸ್ಕಾರಗಳು.

ಮೊದಲಿಗೆ ನನ್ನ ಭಾಷೆಗಾಗಿ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಜಾಹೀರಾತುಗಳಿಂದ ಮತ್ತು ಬಸ್ಸಿನ ಹಿಂಬದಿಯ ಬರಹಗಳಿಂದ. ಎಲ್ಲಿಯಾದರೂ ಮಾತು ತೀರಾ ಏರಿದರೆ ಅಥವಾ ತೀರಾ ಇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಮ್ಮಿಂದ ಸುಮಾರು ನಾಲ್ಕೂವರೆ ಶತಮಾನ ಮುಂದೆ ಇದ್ದೇನೆ. ಆರು, ಏಳು, ಎಂಟನೆಯ ತರಗತಿಗಳಿಗೆ ಸಾಮಾನ್ಯ ಸಂಗೀತ ಕಲಿಸುತ್ತೇನೆ. ಅಂದರೆ ನಿಮ್ಮ ಕೆಲಸವೇ ನನ್ನ ಕೆಲಸ. ಆದ್ದರಿಂದ ನನ್ನ ಕಷ್ಟವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹೇಳುತ್ತೇನೆ. ನಮ್ಮಲ್ಲಿ ದಿನಕ್ಕೆ ಎರಡು ಮಧ್ಯಾಹ್ನಗಳು. ಮೊದಲನೆಯದರಲ್ಲಿ ಬಿಸಿಲಿಗೆ ಹೆದರಿ ಊರೆಲ್ಲ ನೆಲದಡಿಗೆ ಇಳಿಯುತ್ತದೆ. ಎರಡನೆಯದರಲ್ಲಿ ರೊಟ್ಟಿ ತಿಂದು ತೂಕಡಿಸುತ್ತದೆ. ಸಂಗೀತದ ಪೀರಿಯಡ್ಡನ್ನು ಸರಿಯಾಗಿ ತೂಕಡಿಕೆಯ ಹೊತ್ತಿಗೇ ಇಟ್ಟಿದ್ದಾರೆ. ಶಾಲೆ ಕೂಡ ನೆಲದಡಿಯದೇ, ಅದಕ್ಕೇ ನೆಲಶಾಲೆ ಎಂಬ ಹೆಸರು. ಒಂದು ತರಗತಿಯಲ್ಲಿ ಸೀನಿದರೆ ನಾಲ್ಕು ತರಗತಿಗಳಲ್ಲಿ ಕೇಳಿಸುತ್ತದೆ. ಮಕ್ಕಳಂತೂ ಮಕ್ಕಳೇ. ತಾಳ ಹಾಕು ಎಂದರೆ ಪಕ್ಕದವನ ತಲೆಯ ಮೇಲೆ ಹಾಕುತ್ತಾರೆ. ಕೊಳಲು ಕೊಟ್ಟರೆ ಅದರಿಂದ ಕಡಲೆಕಾಳು ಊದುತ್ತಾರೆ. ಗಂಟಲಪಟ್ಟಿ ಎಂಬ ಒಂದು ದರಿದ್ರ ವಸ್ತು ಬಂದಿದೆ. ಕೊರಳಿಗೆ ಅಂಟಿಸಿಕೊಂಡರೆ ಬೇಕಾದ ದನಿ ಹೊರಡುತ್ತದೆ. ಗಂಟಲು ಒಡೆಯುತ್ತಿರುವ ಹುಡುಗರಿಗೆ ನೆರವಾಗಲಿ ಎಂದು ಸರಕಾರ ಹಂಚಿತು. ನನ್ನ ಏಳನೆಯ ತರಗತಿಯ ಮಹಾನುಭಾವನೊಬ್ಬ ಹೋದ ತಿಂಗಳು ಇಡೀ ಮೌಖಿಕ ಪರೀಕ್ಷೆಯನ್ನು ಎಮ್ಮೆಯ ದನಿಯಲ್ಲಿ ಮುಗಿಸಿದ. ಶ್ರುತಿ ಸರಿಯಾಗಿದ್ದುದರಿಂದ ಅಂಕ ಕೊಡಲೇಬೇಕಾಯಿತು. ಇದರ ಮೇಲೆ ಗಣಿತದ ಅಡಿವೆಪ್ಪ ಸರ್ ಬಾಗಿಲಲ್ಲಿ ನಿಂತು, "ಹೆಂಗೂ ಹಾಡೂದನಲ್ರೀ ಟೀಚರ್, ನಂದು ಪಾಠ ಭಾಳ ಉಳದೈತಿ, ಪೀರಿಯಡ್ ಕೊಡ್ರೆಲಾ" ಎನ್ನುತ್ತಾರೆ. ನಿಮ್ಮ ಕಾಲದಲ್ಲೂ ಹೀಗೇ ಇತ್ತೆಂದು ಓದಿದ್ದೇನೆ. ಜಗತ್ತಿನಲ್ಲಿ ಏನೇನೋ ಮುಳುಗಿತು, ಈ ಚಾಳಿ ಮಾತ್ರ ಮುಳುಗಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಲದ ಶಾಲಾ ಸಂಗೀತದ ಒಂದೇ ಒಂದು ಧ್ವನಿಮುದ್ರಿಕೆ ನಮ್ಮ ಪಾಲಿಗೆ ಉಳಿದಿದೆ. ಅದು ನಿಮ್ಮದು: ವಾರ್ಷಿಕೋತ್ಸವದ ದಿನ ನಿಮ್ಮ ಏಳನೆಯ ತರಗತಿಯ ಮಕ್ಕಳು ಹಾಡಿದ ಸ್ವಾಗತಗೀತೆ. ಅದನ್ನು ನಾದಕಣಜದಲ್ಲಿ, ಅಂದರೆ ಹಳೆಯ ಸದ್ದುಗಳನ್ನು ಕಾಪಿಡುವ ಉಗ್ರಾಣದಲ್ಲಿ, ದೀಪ ಹಚ್ಚಿ ಇಟ್ಟಿದ್ದೇವೆ. ನಮಗೆ ಅದೇ ಪರಮ ಶಾಸ್ತ್ರ. ನಮ್ಮ ನಾಡಿನ ಮಕ್ಕಳೆಲ್ಲ ಅದನ್ನು ಚಾಚೂ ತಪ್ಪದೆ ಕಲಿಯಬೇಕು. ಮೊದಲು "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂಬ ಪ್ರಾರ್ಥನೆಯನ್ನು ಎಲ್ಲರೂ ಎದ್ದು ನಿಂತು ಹಾಡುತ್ತಾರೆ. ಬಳಿಕ ಮೈಕಿನ "ಕುಂಯ್" ಎಂಬ ಸದ್ದು. ಅದಕ್ಕೆ ಎಂಟನೆಯ ತರಗತಿಯ ಗಟ್ಟಿ ದನಿಯವರನ್ನು ಆರಿಸುತ್ತೇವೆ. ಎರಡನೆಯ ಚರಣದಲ್ಲಿ ಬರುವ ಕೆಮ್ಮಿನ ಬಗ್ಗೆ ಪಂಡಿತರಲ್ಲಿ ಎರಡು ಪಂಗಡಗಳಿವೆ, ಪರಸ್ಪರ ಹೆಣ್ಣು ಕೊಡುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡದು ಯಮನೂರ ಪದವಿ. ಕುಂಯ್ ಮುಗಿದು ಹಾಡು ಶುರುವಾಗುವ ಮುನ್ನ ನೀವು ಮೆಲ್ಲಗೆ ಹೇಳುತ್ತೀರಿ: "ಲೇ ಯಮನೂರ್ಯಾ, ನೀ ಮಾತ್ರ ಹಾಡಬ್ಯಾಡಪಾ. ಸುಮ್ನ ಬಾಯಿ ಅಷ್ಟ ಆಡಸು." ಅಷ್ಟು ಮಕ್ಕಳಲ್ಲಿ ಒಬ್ಬನನ್ನೇ ಹೆಸರು ಹಿಡಿದು ಕರೆದು ಮೌನ ಕೊಟ್ಟಿದ್ದೀರಿ ಎಂದರೆ ಅವನೇ ಎಲ್ಲರಿಗಿಂತ ಶ್ರೇಷ್ಠ ಗಾಯಕನಿರಬೇಕೆಂದು ನಮ್ಮ ಹಿರಿಯರು ತೀರ್ಮಾನಿಸಿದರು. ಹಾಗಾಗಿ ಪ್ರತಿ ಶಾಲೆಯಲ್ಲೂ ವರ್ಷಕ್ಕೊಮ್ಮೆ ಅತ್ಯಂತ ಚೆನ್ನಾಗಿ ಹಾಡುವ ಮಗುವನ್ನು ಯಮನೂರ ಎಂದು ಆರಿಸಿ, ಶಾಲು ಹೊದಿಸಿ, ನಡುವೆ ನಿಲ್ಲಿಸುತ್ತೇವೆ. ಅದು ಬಾಯಿ ಆಡಿಸುತ್ತದೆ. ಆ ಪದವಿ ಪಡೆದವರು ಮುಂದೆ ಜನ್ಮದಲ್ಲಿ ಹಾಡುವಂತಿಲ್ಲ. ಮನೆಯವರು ಓಣಿಗೆಲ್ಲ ಹುಗ್ಗಿ ಹಂಚುತ್ತಾರೆ.

ಈ ವರ್ಷ ನಾನು ಆರಿಸಿದ್ದು ನೀಲಗಂಗಾಳನ್ನು. ಏಳನೆಯ ತರಗತಿಯಲ್ಲಿ ಕಡಲೆಕಾಳು ಊದದೆ ನಿಜವಾಗಿ ಹಾಡುವವಳು ಅವಳೊಬ್ಬಳೇ. ಅವಳು ಬಾಯಿ ತೆರೆದರೆ ಅಡಿವೆಪ್ಪ ಸರ್ ಕೂಡ ಲೆಕ್ಕ ಮರೆತು ನಿಲ್ಲುತ್ತಾರೆ. ಹೆಸರು ಘೋಷಿಸಿದ ಕೂಡಲೇ ಹುಡುಗಿ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಗೊಳೋ ಎಂದು ಅತ್ತಳು. "ನಾ ಏನ್ ತಪ್ಪ ಮಾಡೇನ್ರೀ ಟೀಚರ್? ಹಾಡಾಕ ಬರಲಾರದವ್ರೆಲ್ಲ ಹಾಡ್ತಾರ, ನಾ ಬಾಯಿ ಆಡಿಸ್ಕೋಂತ ನಿಂದ್ರಬೇಕನ್ರೀ? ಇನ್ನ ಮ್ಯಾಗ ಎಂದೂ ಹಾಡಬಾರದನ್ರೀ?" ಎಂದು ಕೇಳಿದಳು. ಅವಳ ಅಜ್ಜಿ ತಿಪ್ಪವ್ವನವರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷೆ, ತಾವೇ ಒಂದು ಕಾಲದ ಯಮನೂರ. ಅವರು ಮೊಮ್ಮಗಳನ್ನು ಗದರಿದರು: "ಹುಚ್ಚಿ, ಪುಣ್ಯಾ ಮಾಡಿದ್ರ ಸಿಗತೈತಿ ಇದು. ನಾ ಯಮನೂರ ಆದ ಮ್ಯಾಗ ಒಮ್ಮೆರೆ ಹಾಡೇನೇನು? ಜೋಗುಳಾನೂ ಹಾಡಿಲ್ಲ." ಹೆಮ್ಮೆಯಿಂದಲೇ ಹೇಳಿದರು.

ಹುಡುಗಿಗೆ ಬುದ್ಧಿ ಬರಲಿ ಎಂದು ಇಡೀ ತರಗತಿಯನ್ನು ನಾದಕಣಜಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಎಮ್ಮೆ, ಕೋಣ, ಕುರಿಗಳ ದನಿ ಕೇಳಿ ನನ್ನ ತಲೆ ಕೆಟ್ಟಿತ್ತು. ಹೋದವಳೇ, ನಾನು ಹೇಳುವ ತನಕ ಒಬ್ಬರೂ ಅಲುಗಾಡಕೂಡದು ಎಂದು ಶಿಕ್ಷೆ ಕೊಟ್ಟು ಕೂರಿಸಿದೆ. ಇಲ್ಲೊಂದು ಸಂಗತಿ ಹೇಳಬೇಕು. ನಮ್ಮ ಸಂಪ್ರದಾಯದಲ್ಲಿ ಹಾಡಿನ ಕೊನೆಯ ಸಾಲಿಗೇ ಎಲ್ಲರೂ ಎದ್ದು, ಆಮೇಲೆ ಹಂಚುವ ಉಪ್ಪಿಟ್ಟಿನ ಕಡೆ ಓಡುತ್ತಾರೆ. ಪಂಡಿತರೂ ಅಷ್ಟೇ, ಅವರೇ ಮುಂದೆ. ಹಾಗಾಗಿ ಮುದ್ರಿಕೆಯ ತುದಿಯನ್ನು ಈ ತನಕ ಯಾರೂ ಕೇಳಿರಲಿಲ್ಲ. ಅಂದು ಮುದ್ರಿಕೆ ಹಚ್ಚಿ ನಾವು ಶಿಕ್ಷೆಯಲ್ಲೇ ಕೂತಿದ್ದೆವು. ಹಾಡು ಮುಗಿಯಿತು, ಚಪ್ಪಾಳೆ ಮುಗಿಯಿತು, ನಿಮ್ಮ ಮೈಕನ್ನು ಯಾರೂ ಆರಿಸಿರಲಿಲ್ಲ. ಆಗ ಒಬ್ಬ ಹುಡುಗನ ಒಡೆದ ದನಿ ಕೇಳಿಸಿತು:

"ಟೀಚರ್ರೀ, ನಾ ಬಾಯಿ ಚಲೋ ಆಡಿಸಿದ್ನಿಲ್ರೀ?"

"ಹೂಂ ಬಿಡಪಾ, ಭಾಳ ಚಲೋ ಆಡಿಸಿದಿ" ಎಂದಿರಿ ನೀವು.

"ಮುಂದಿನ ವರ್ಷರೆ ಹಾಡ್ಲ್ಯಾ?"

ಅಷ್ಟಕ್ಕೆ ಮುದ್ರಿಕೆ ನಿಂತಿತು. ಎಮ್ಮೆಯ ಹುಡುಗ ಕೊರಳಿನ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡ. ನೀಲಗಂಗಾ ನನ್ನ ಮುಖ ನೋಡಿದಳು. ಟೀಚರ್, ನನಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮುಖ್ಯ ಅತಿಥಿಗಳು ಬರುವ ದಿನ ನಿಮಗೆ ಎಷ್ಟು ಗಾಬರಿ ಇದ್ದಿರಬಹುದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಬಂತು.

ವಾರ್ಷಿಕೋತ್ಸವದ ದಿನ ನೀಲಗಂಗಾಳಿಗೆ ಶಾಲು ಹೊದಿಸಿ ನಡುವೆ ನಿಲ್ಲಿಸಿ, ಕಿವಿಯಲ್ಲಿ, "ಹಾಡವ್ವಾ, ಆದದ್ದಾಗ್ಲಿ" ಎಂದೆ. ಹಾಡಿದಳು. ಯಮನೂರ ಹಾಡುವುದೆಂದರೆ ನಮ್ಮಲ್ಲಿ ದೇವರು ಎದ್ದು ಚಹಾ ಕೇಳಿದ ಹಾಗೆ. ಹಾಡು ಕೊನೆಯ ಸಾಲಿಗೆ ಬಂತು, ಒಬ್ಬರೂ ಉಪ್ಪಿಟ್ಟಿಗೆ ಏಳಲಿಲ್ಲ. ಎದ್ದವರು ತಿಪ್ಪವ್ವನವರು ಒಬ್ಬರೇ. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅಡಿವೆಪ್ಪ ಸರ್ ಆಗಲೇ ವೇಳಾಪಟ್ಟಿಯತ್ತ ನೋಡುತ್ತಿದ್ದರು. ತಿಪ್ಪವ್ವ ಬಾಯಿ ತೆರೆದರು. ಅದೇ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಒಂದು ಕಾಲಕ್ಕೆ ಊರಿಗೇ ಶ್ರೇಷ್ಠವಾಗಿದ್ದ ದನಿ ಎಣ್ಣೆ ಕಾಣದ ಗಾಣದಂತೆ ಕಿರುಗುಟ್ಟಿತು. ಮುಗಿಸಿ ಮೊಮ್ಮಗಳನ್ನು ಕೇಳಿದರು: "ಭಾಳ ಕೆಟ್ಟ ಐತನ ನನ್ನ ದನಿ?"

"ಹೂಂ ಅಜ್ಜಿ, ಭಾಳ ಕೆಟ್ಟ ಐತಿ. ಇನ್ನೊಮ್ಮೆ ಹಾಡು" ಎಂದಳು ನೀಲಗಂಗಾ.

ಹಾಡಿದರು. ಕೆಮ್ಮಿನ ಎರಡೂ ಪಂಗಡಗಳು ಕೂಡಿ ಅತ್ತವು.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಅಂಚೆಯನ್ನು ನಂಬುವಂತಿಲ್ಲ, ಆದರೂ ನಿಮ್ಮ ವಾರ್ಷಿಕೋತ್ಸವಕ್ಕೆ ಮೊದಲೇ ತಲುಪುವುದಾಗಿ ಅಂಚೆಯವರು ಮಾತು ಕೊಟ್ಟಿದ್ದಾರೆ. ನನ್ನ ಬಿನ್ನಹ ಇಷ್ಟೇ: ಯಮನೂರಪ್ಪನಿಗೆ ಆ ಮಾತು ಹೇಳಬೇಡಿ. ನೀವು ಹೇಳದಿದ್ದರೆ ನಮ್ಮ ಪದವಿ ಹುಟ್ಟುವುದೇ ಇಲ್ಲ, ನನ್ನ ಪಠ್ಯಪುಸ್ತಕದ ಅರ್ಧ ಅಳಿಸಿಹೋಗುತ್ತದೆ, ಈ ಕಾಗದವೂ ನಿಮ್ಮ ಕೈಯಲ್ಲೇ ಮಾಸಿಹೋಗಬಹುದು. ಹೋಗಲಿ. ತಿಪ್ಪವ್ವನವರು ಮಕ್ಕಳಿಗೆ ಜೋಗುಳ ಹಾಡಿರುತ್ತಾರೆ. ಆ ಹುಡುಗನ ದನಿ ಕೆಟ್ಟದಾಗಿದೆ, ನಾನು ಕೇಳಿದ್ದೇನೆ, ಸುಳ್ಳೇಕೆ ಹೇಳಲಿ. ಬೇಕಿದ್ದರೆ ಮೈಕಿನಿಂದ ನಾಲ್ಕು ಮಾರು ದೂರ ನಿಲ್ಲಿಸಿ. ಆದರೆ ಹಾಡಲಿ, ಟೀಚರ್. ಮುಂದಿನ ವರ್ಷ ಅಲ್ಲ, ಈ ವರ್ಷವೇ.

ನಿಮ್ಮ ಕಸುಬಿನವಳು,
ಬಸಲಿಂಗವ್ವ ಹೊಂಬಳ
ಸಾಮಾನ್ಯ ಸಂಗೀತ, ಎರಡನೆಯ ಮಧ್ಯಾಹ್ನದ ಪೀರಿಯಡ್ (ಅಡಿವೆಪ್ಪ ಸರ್ ಅವರಿಗೆ ಕೊಟ್ಟಿಲ್ಲ)