ಸಂದರ್ಶಕಿಯ ವೇಷ ಹಾಕಿದ ಅಪರಾಧಕ್ಕೆ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಟಿಕೆಟ್ ಕೊಂಡು ಶೌಚಾಲಯಕ್ಕೆ ಹೋದ ಕಳ್ಳಿ ನಾನೇ. "ಸಂದರ್ಶಕಿಯ ವೇಷ ಧರಿಸಿ ಸಂಸ್ಥೆಯನ್ನು ವಂಚಿಸಿದ್ದಾರೆ" ಎಂಬ ತಮ್ಮ ಆದೇಶ ಕೈಸೇರಿದೆ. ಬರುವ ತಿಂಗಳಿಂದ ನಾನು ಏಳನೇ ಕೊಠಡಿಯ ಕಾವಲು ಬಿಟ್ಟು ಹಿಂಭಾಗದ ಉಗ್ರಾಣಕ್ಕೆ ಹೋಗಬೇಕಂತೆ. "ಅನಾರೋಗ್ಯದ ಸಿಬ್ಬಂದಿಗೆ ಹಗುರ ಕೆಲಸ" ಎಂದು ಕರುಣೆಯ ಒಂದು ಸಾಲನ್ನೂ ಸೇರಿಸಿದ್ದೀರಿ. ಆ ಉಗ್ರಾಣದಲ್ಲಿ ಶೌಚಾಲಯವೇ ಇಲ್ಲ. ತಮಗೆ ಗೊತ್ತಿರಲಿಕ್ಕಿಲ್ಲ ಬಿಡಿ, ಅಲ್ಲಿಗೆ ತಾವು ಯಾವತ್ತು ಕಾಲಿಟ್ಟಿದ್ದೀರಿ? ತಮ್ಮ ಕೋಣೆಗೆ ಬಂದು ಹೇಳಿಕೊಂಡದ್ದು ಕಿವಿಗೆ ಬೀಳಲಿಲ್ಲವಾದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರಂತೆ. ನಾನು ಬಿಟ್ಟಿರುವುದು ನಾಚಿಕೆಯೊಂದನ್ನೇ. ಮಾನ, ಮರ್ಯಾದೆ ಇನ್ನೂ ಇಟ್ಟುಕೊಂಡಿದ್ದೇನೆ.

ನನ್ನ ದೊಡ್ಡ ಕರುಳಿನ ತುಂಬ ಹುಣ್ಣು, ಉರಿಯೂತ. ಕಂಡದ್ದು ತಿಂದು ಬಂದದ್ದಲ್ಲ, ಯಾರಿಗೂ ಅಂಟುವುದೂ ಇಲ್ಲ. ನನ್ನ ದೇಹವೇ ನನ್ನ ಕರುಳನ್ನು ಹಗೆ ಎಂದು ತಿಳಿದು ಕಾದಾಡುತ್ತಿದೆ. ಹೊಟ್ಟೆ ಹಿಂಡುತ್ತದೆ, ರಕ್ತ ಹೋಗುತ್ತದೆ, ನಿಸರ್ಗದ ಕರೆ ಬಂದರೆ ಎದ್ದು ಓಡಬೇಕು. "ಇದು ಬಂದು ಹೋಗೋ ನೆಂಟ ಅಲ್ಲಮ್ಮ, ಮನೇಲೇ ಇರೋದು. ಇದರ ಜೊತೆ ಸಂಸಾರ ಮಾಡೋದು ಕಲೀಬೇಕು" ಎಂದರು ಡಾಕ್ಟರಮ್ಮ. ಕಲಿತೆ. ಸ್ಟಿರಾಯ್ಡ್ ಮಾತ್ರೆ ನುಂಗಿದೆ. ಮುಖ ಊದಿ ಚಂದ್ರನ ಹಾಗಾಯಿತು. ನಮ್ಮತ್ತೆ ಅದನ್ನು ನೋಡಿ "ಈಗ ನೋಡು, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀಯ!" ಎಂದರು. ದೃಷ್ಟಿ ತೆಗೆಯುವುದೊಂದು ಬಾಕಿ. ಈಗ ದಿನದ ಮಾತ್ರೆಗಳ ಜೊತೆಗೆ ಆಗಾಗ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನರಕ್ಕೆ ಔಷಧಿ ಹನಿಸಿಕೊಂಡು ಬರುತ್ತೇನೆ. ಔಷಧಿ ಹಿಡಿಯಿತು. ರಕ್ತ ನಿಂತಿತು. ಆದರೇನು, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕರೆ ಕಡಿಮೆಯಾದರೂ ಬಂದಾಗ ಅದು ತಮ್ಮ ಅಪ್ಪಣೆ ಕೇಳಿ ಬರುವುದಿಲ್ಲ.

ಏಳನೇ ಕೊಠಡಿಯಲ್ಲಿ ನಾನು ಕಾಯುವುದು ಏನನ್ನು ಎಂದು ಓದುಗರಿಗೆ ಹೇಳಬೇಕು. ಯಾವುದೋ ಕಾಲದ ಅರಸನ ಶೌಚಪೀಠವನ್ನು! ನೆಲದಡಿಯಿಂದ ಅಗೆದು ತೆಗೆದ, ಕೆತ್ತನೆಯ ದೊಡ್ಡ ಕಲ್ಲು ಒಂದು. ಅದರ ಪಕ್ಕದಲ್ಲಿ ಕೆತ್ತನೆ ಇಲ್ಲದ ಸಣ್ಣ ಕಲ್ಲು ಇನ್ನೊಂದು. ಎರಡಕ್ಕೂ ಗಾಜಿನ ಪೆಟ್ಟಿಗೆ, ಮೇಲಿಂದ ದೀಪ. ಸತ್ತ ಅರಸ ಕೂತೆದ್ದ ಜಾಗಕ್ಕೆ ಇಷ್ಟು ಉಪಚಾರ. ಬದುಕಿರುವ ನನಗೆ? ನಾನು ನಿಲ್ಲುವಲ್ಲಿಂದ ಕಣ್ಣಳತೆಯಲ್ಲೇ ಒಂದು ಶೌಚಾಲಯವಿದೆ, ಬಾಗಿಲ ಮೇಲೆ "ಸಂದರ್ಶಕರಿಗೆ ಮಾತ್ರ". ನಮ್ಮದು ಮೆಟ್ಟಿಲಿಳಿದು, ಅಂಗಳ ದಾಟಿ, ಜನರೇಟರ್ ಕೋಣೆಯ ಹಿಂದೆ. ಸಮವಸ್ತ್ರದವರು ಅದೇ ಶೌಚಾಲಯಕ್ಕೆ ಹೋದರೆ ಸಂದರ್ಶಕರಿಗೆ ಮುಜುಗರವಾಗುತ್ತದಂತೆ. ಕಾವಲುಗಾರರಿಗೆ ಹೊಟ್ಟೆ ಇದೆ ಎಂದು ಗೊತ್ತಾದರೆ ಟಿಕೆಟ್ ವಾಪಸ್ ಕೇಳುತ್ತಾರೆಯೇ?

ಆ ನಿಯಮಕ್ಕೆ ತಲೆಬಾಗಿ ಒಂದು ದಿನ ಅಂಗಳದ ದಾರಿ ಹಿಡಿದೆ. ಮೆಟ್ಟಿಲು ಮುಗಿಯಲಿಲ್ಲ, ಅಷ್ಟರಲ್ಲೇ ಆಗಿಹೋಯಿತು. ಕೆಳಗಿಂದ ಹತ್ತಿ ಬರುತ್ತಿದ್ದ ಒಂದು ಸಂಸಾರ ಗೋಡೆಗೆ ಸರಿದು ನಿಂತು ನನಗೆ ದಾರಿ ಬಿಟ್ಟಿತು. ತಮ್ಮ ಪ್ರಕಾರ ಇದರಿಂದ ಯಾರಿಗೂ ಮುಜುಗರವಾಗಲಿಲ್ಲ, ಸರಿ. ಮನೆಗೆ ಹೋದಾಗ ನನ್ನ ಗಂಡ ಬಚ್ಚಲಲ್ಲಿ ಸಮವಸ್ತ್ರ ತಾವೇ ಕೈಗೆ ತೆಗೆದುಕೊಂಡರು. ಬಡಗಿ, ಮಾತು ಕಮ್ಮಿ. "ಬಿಡೇ, ಬಟ್ಟೆ ತಾನೇ? ಒಗೆದ್ರೆ ಹೋಗುತ್ತೆ" ಎಂದರು. ಆಗ ನನಗೆ ಅಳು ಬಂತು ನೋಡಿ, ಅಲ್ಲಿಯವರೆಗೂ ಅತ್ತಿರಲಿಲ್ಲ.

ಮಾರನೇ ದಿನದಿಂದ ನಾನು ಸಂದರ್ಶಕಿಯಾದೆ. ಬೆಳಗ್ಗೆ ಬಂದೊಡನೆ ಟಿಕೆಟ್ ಕೊಳ್ಳುವುದು, ಹೂವಿನ ಚಿತ್ರದ ಸ್ವೆಟರ್ ಒಂದನ್ನು ಕುರ್ಚಿಯ ಬೆನ್ನಿಗೆ ಹಾಕಿಡುವುದು, ಕರೆ ಬಂದಾಗ ಅದನ್ನು ಸಮವಸ್ತ್ರದ ಮೇಲೆ ತೊಟ್ಟು ಟಿಕೆಟ್ ಹಿಡಿದು ಆ ಬಾಗಿಲಿಗೆ ಓಡುವುದು. ಟಿಕೆಟ್ ಕೊಡುವಾತ ಮೊದಲ ದಿನ "ಏನ್ ಅಕ್ಕಾ, ದಿನಾ ನೋಡಿದ್ದು ಸಾಲ್ದಾ?" ಎಂದು ನಕ್ಕ. "ಒಂದು ಬಾಗಿಲು ಮಾತ್ರ ನೋಡಿಲ್ಲಪ್ಪ" ಎಂದೆ. ಆಮೇಲೆ ಅವನು ನಗಲಿಲ್ಲ. ಕೊಠಡಿ ಬರಿದಾಗಿತ್ತೇ? ಇಲ್ಲ. ಆರನೇ ಕೊಠಡಿ ಕಾಯುವವಳು, ನಾವೆಲ್ಲ ಸಿಡುಕಮ್ಮ ಎಂದು ಕರೆಯುವವಳು, ಎರಡೂ ಕೊಠಡಿ ಕಾಣುವ ಹಾಗೆ ನಡುಬಾಗಿಲಲ್ಲಿ ನಿಂತು "ಓಡೇ ಮಾರಾಯ್ತಿ, ನಿನ್ನ ರಾಜ ಎಲ್ಲಿಗೂ ಹೋಗಲ್ಲ!" ಎಂದು ಗದರುತ್ತಿದ್ದಳು. ಸ್ವೆಟರಿನ ಕೆಳಗೆ ಇಣುಕಿದ ಸಮವಸ್ತ್ರದ ಅಂಚನ್ನು ಪತ್ತೆಹಚ್ಚಿದ ತಮ್ಮ ಕಣ್ಣನ್ನು ಮೆಚ್ಚಬೇಕು. ಸಂಗ್ರಹಾಲಯದ ಛಾವಣಿ ಸೋರುವುದು ಮಾತ್ರ ಆ ಕಣ್ಣಿಗೆ ಕಂಡಿಲ್ಲ.

ವಿಚಾರಣೆಗೆ ಕರೆದಾಗ ತಾವು ಹೇಳಿದ್ದು ನೆನಪಿದೆಯೇ? "ಸ್ವಲ್ಪ ತಡ್ಕೋಬೇಕಮ್ಮ. ಮನಸ್ಸು ಗಟ್ಟಿ ಇರ್ಬೇಕು. ನಾನೂ ಮೀಟಿಂಗ್‌ನಲ್ಲಿ ತಡ್ಕೊಳ್ಳಲ್ವಾ?" ಆಹಾ, ಇಷ್ಟು ಸುಲಭದ ಮದ್ದು ಯಾವ ಡಾಕ್ಟರಿಗೂ ಹೊಳೆಯಲಿಲ್ಲವಲ್ಲ! ತಮ್ಮ ಮದ್ದನ್ನೂ ಮಾಡಿ ನೋಡಿದೆ. ಕೆಲಸದ ಹೊತ್ತಿನಲ್ಲಿ ಊಟ ಬಿಟ್ಟೆ. ಊಟದ ಮೇಲೆ ನುಂಗಬೇಕಾದ ಮಾತ್ರೆಯೂ ಅದರೊಂದಿಗೇ ತಪ್ಪಿತು. ಹುಣ್ಣು ಮತ್ತೆ ಕೆರಳಿದೆ, ರಕ್ತ ಮತ್ತೆ ಶುರುವಾಗಿದೆ. "ಹೀಗೇ ಮಾಡಿದ್ರೆ ಕರುಳನ್ನೇ ತೆಗೀಬೇಕಾಗುತ್ತೆ, ಹುಡುಗಾಟ ಆಡ್ಬೇಡ" ಎಂದು ಡಾಕ್ಟರಮ್ಮ ಬೈದರು. ಒಂದು ಬಾಗಿಲಿನ ಹಟಕ್ಕೆ ನನ್ನ ಕರುಳು ಹೋಗುವುದರಲ್ಲಿದೆ. ನನಗೆ ಹೆದರಿಕೆಯಾಗಿದೆ, ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಕೊನೆಗೆ ಆ ಸಣ್ಣ ಕಲ್ಲಿನ ಮಾತು. ಗಣ್ಯರು ಬಂದಾಗಲೆಲ್ಲ ತಾವೇ ಮುಂದೆ ನಿಂತು ವಿವರಿಸುತ್ತೀರಿ: "ನೋಡಿ, ಈ ಚಿಕ್ಕದು ಕಾವಲುಗಾರನದು. ಬಾಗಿಲು ಕಾಯೋನಿಗೂ ಹೊಟ್ಟೆ ಇದೆ, ಅವನು ದೂರ ಹೋಗಬಾರದು ಅಂತ ಪಕ್ಕದಲ್ಲೇ ಹಾಕಿಸಿದ್ದಾನೆ ರಾಜ. ನಾಗರಿಕತೆ ಅಂದ್ರೆ ಇದು!" ಗಣ್ಯರು ತಲೆದೂಗುತ್ತಾರೆ. ಗೋಡೆಯ ಫಲಕದಲ್ಲೂ ತಮ್ಮ ಈ ಮಾತೇ ಇದೆ. ಅದರ ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಒಬ್ಬಳು ನಿಂತಿರುತ್ತಾಳಲ್ಲ, ಅವಳೇ ನಾನು.

ಉಗ್ರಾಣದ ಆದೇಶ ಹಿಂದಕ್ಕೆ ತೆಗೆದುಕೊಳ್ಳಿ. ಆ ಶೌಚಾಲಯ ನಮಗೂ ಇರಲಿ. ಇದಕ್ಕೆ ಅನುದಾನ ಬೇಡ, ಸಮಿತಿ ಬೇಡ. "ಸಂದರ್ಶಕರಿಗೆ ಮಾತ್ರ" ಎಂಬ ಹಲಗೆಯ ಮೊಳೆ ಕಿತ್ತರೆ ಸಾಕು, ನನ್ನ ಗಂಡನೇ ಬಂದು ಕಿತ್ತುಕೊಡುತ್ತಾರೆ. ಅದೂ ಆಗದಿದ್ದರೆ ಗೋಡೆಯ ಫಲಕದಲ್ಲಿ ಕಾವಲುಗಾರನ ಮಾತನ್ನು ಅಳಿಸಿಬಿಡಿ. ನನ್ನ ಕಾಯಿಲೆ ಗುಣವಾಗುವುದಿಲ್ಲ, ಅದು ತಮ್ಮ ಕೈಯಲ್ಲಿಲ್ಲ. ಆ ಬಾಗಿಲು ತಮ್ಮ ಕೈಯಲ್ಲಿದೆ.

ಇಂತಿ,
ಆ ಅರಸನ ಕಾಲದಲ್ಲೇ ಕೆಲಸಕ್ಕೆ ಸೇರಬೇಕಿದ್ದ
ಏಳನೇ ಕೊಠಡಿಯ ಕಾವಲುಗಾರ್ತಿ