ನಾನೂರರ ಫೈಲು

ಜೂನ್ 2, 2025, ಸೋಮವಾರ

ಸರ್ವರ್ ಮತ್ತೆ 97 ಪರ್ಸೆಂಟ್. ಹೊಸ ಪಂಪಿನ ಸಿಮ್ಯುಲೇಶನ್, ಅಂದರೆ ಒಳಗೆ ನೀರು ಹೇಗೆ ಓಡುತ್ತದೆಂದು ಕಂಪ್ಯೂಟರಿನಲ್ಲೇ ಹಾಕುವ ಲೆಕ್ಕ, ಅರ್ಧಕ್ಕೇ ನಿಂತಿದೆ. ಡೇಟಾ ಬರೆಯಲು ಜಾಗವಿಲ್ಲ. ಮ್ಯಾನೇಜರ್ ಸುನಿಲ್‌ಕುಮಾರ್ ಬಾಗಿಲಲ್ಲೇ ನಿಂತು ಹೇಳಿದರು.

"ಇಪ್ಪತ್ತೆರಡನೇ ಇಸ್ವಿದೆಲ್ಲ ತೆಗ್ದು ಹಾಕ್ಬಿಡಿ ಮೇಡಂ. ಬೇಕಾದ್ದಿದ್ರೆ ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ. ಹತ್ತನೇ ತಾರೀಕಿನೊಳಗೆ ಆಗ್ಬೇಕು."

ಒಳಗೆ ಬರಲಿಲ್ಲ. ಈ ರೂಮಿಗೆ ಯಾರೂ ಬರುವುದಿಲ್ಲ. ಎರಡು ಟೇಬಲ್, ಎರಡು ಕುರ್ಚಿ, ಒಬ್ಬಳು ನಾನು. ಎಸಿ ಕೂಡ ಕಂಪ್ಯೂಟರಿಗಾಗಿ.

ಸಂಜೆ ಕಂಪನಿ ಬಸ್ಸಿನಲ್ಲಿ ಕೂತು ನೆನಪಿಸಿಕೊಂಡೆ, ಇಡೀ ದಿನ ಬಾಯಿಬಿಟ್ಟು ಏನು ಮಾತಾಡಿದೆ ಎಂದು. "ಆಯ್ತು ಸರ್." ಕ್ಯಾಂಟೀನಿನಲ್ಲಿ "ಅನ್ನ ಸಾಕು." ಅಷ್ಟೇ. ದಾಬಸ್‌ಪೇಟೆಯಿಂದ ನೆಲಮಂಗಲದವರೆಗೆ ಪಕ್ಕದ ಸೀಟು ಖಾಲಿ.

ಜೂನ್ 4, ಬುಧವಾರ. ಮಧ್ಯಾಹ್ನ 3

2022ರ ಫೋಲ್ಡರುಗಳು. ಬಹುಪಾಲು ಉಮಾಶಂಕರ್ ಸರ್ ಅವರವು. ಹೆಸರು ಇಡುವುದರಲ್ಲಿ ಎಷ್ಟು ಅಚ್ಚುಕಟ್ಟು! ತಾರೀಕು, ಪಂಪಿನ ನಂಬರು, ಯಾಕೆ ಮಾಡಿದ್ದು ಎಂಬ ಒಂದು ಸಾಲು. ನನ್ನವು ನೋಡಿದರೆ — final, final2, final_new.

ಈ ಕೆಲಸ ಕಲಿಸಿದ್ದು ಅವರು. ನಾನು ಸೇರಿದ್ದು ಆ ವರ್ಷ ಜೂನ್‌ನಲ್ಲಿ. ಏಳೇ ತಿಂಗಳು ಜೊತೆಗಿದ್ದರು. ಆ ಏಳು ತಿಂಗಳು ಈ ರೂಮಿನಲ್ಲಿ ಮಾತಿತ್ತು. "ನೀರು ಸೋಮಾರಿ ಕಣಮ್ಮ, ಸುಲಭದ ದಾರಿ ಹುಡ್ಕುತ್ತೆ. ಅದನ್ನ ಹಿಡ್ಕೊಂಡ್ರೆ ಅರ್ಧ ಲೆಕ್ಕ ಮುಗೀತು" ಅನ್ನುತ್ತಿದ್ದರು.

ಆಮೇಲೆ ಆ ಪಂಪು. ಹಳ್ಳಿಗಳ ಕುಡಿಯುವ ನೀರಿಗೆಂದು ಹದಿನೆಂಟು ಪಂಪು ಹೋಗಿದ್ದವು. ಒಳಗೆ ತಿರುಗುವ ರೆಕ್ಕೆಗಳ ಹತ್ತಿರ ಒತ್ತಡ ತೀರಾ ಇಳಿಯುವುದಿಲ್ಲ, ಭಯವಿಲ್ಲ ಎಂದು ಸರ್ ರಿಪೋರ್ಟಿಗೆ ಸಹಿ ಹಾಕಿದ್ದರು. ಮೂರೇ ತಿಂಗಳಲ್ಲಿ ರೆಕ್ಕೆಗಳೆಲ್ಲ ಇಲಿ ಕಡಿದಂತಾಗಿ ವಾಪಸ್ ಬಂದವು. ಮೀಟಿಂಗಿನಲ್ಲಿ ಅವರು ವಾದಿಸಲೇ ಇಲ್ಲ, ಹಳೆ ಫೈಲು ತೆರೆದು ನೋಡುವ ಗೋಜಿಗೂ ಯಾರೂ ಹೋಗಲಿಲ್ಲ. "ನನ್ನ ಲೆಕ್ಕಾನೇ ತಪ್ಪಿರ್ಬೇಕು" ಎಂದರು. ಜನವರಿಯಲ್ಲಿ ರಾಜೀನಾಮೆ.

ಆ ಫೋಲ್ಡರ್ ಇನ್ನೂ ತೆಗೆದಿಲ್ಲ. ನಾಳೆ.

ಜೂನ್ 5, ಗುರುವಾರ. ಬೆಳಿಗ್ಗೆ 11.20

ಕೆಲಸ ನಿಲ್ಲಿಸಿ ಡೈರಿ ತೆಗೆದಿದ್ದೇನೆ. ಕ್ರಮವಾಗಿ ಬರೆದಿಡಬೇಕು.

ಸಿಮ್ಯುಲೇಶನ್ ಓಡುವಾಗ ಪ್ರತಿ ನೂರು ಹೆಜ್ಜೆಗೆ ಒಂದು ಡೇಟಾ ಫೈಲು ಉಳಿಯುತ್ತದೆ. ನೂರು, ಇನ್ನೂರು... ನಾಲ್ಕು ಸಾವಿರದವರೆಗೆ ನಲವತ್ತು ಫೈಲು. ಶುರುವಿನವು ಕೆಲಸಕ್ಕೆ ಬಾರವು, ನೀರಿನ ಓಟ ಇನ್ನೂ ಹದಕ್ಕೆ ಬಂದಿರುವುದಿಲ್ಲ. ನಂಬಬೇಕಾದ್ದು ಕೊನೆಯದನ್ನು, ನಾಲ್ಕು ಸಾವಿರದ್ದನ್ನು.

ಅಳಿಸುವ ಮುಂಚೆ ಸುಮ್ಮನೆ ಅದನ್ನು ತೆರೆದೆ. ರೆಕ್ಕೆಯ ಅಂಚಿನುದ್ದಕ್ಕೂ ಕಡುನೀಲಿ. ಅಂದರೆ ಒತ್ತಡ ಪಾತಾಳಕ್ಕೆ. ನೀರು ತಣ್ಣಗಿದ್ದೇ ಗುಳ್ಳೆಯೆದ್ದು, ಒಡೆದು, ಕಬ್ಬಿಣ ತಿನ್ನುವ ಜಾಗ. ಸರಿಯಾಗಿ ಆ ಪಂಪುಗಳು ಸವೆದ ಜಾಗ!

ರಿಪೋರ್ಟಿನ ಚಿತ್ರದಲ್ಲಿ ಇದಿಲ್ಲ. ಅದರಲ್ಲಿ ಎಲ್ಲ ಹಸಿರು.

ಎಕ್ಸ್‌ಪೋರ್ಟ್ ಲಾಗ್ ತೆಗೆದೆ, ಯಾವ ಫೈಲನ್ನು ಯಾರು ಯಾವಾಗ ಹೊರಗೆ ಕಳಿಸಿದರೆಂಬ ದಾಖಲೆ. ರಿಪೋರ್ಟಿಗೆ ಹೋದ ಫೈಲು ನಾನೂರರದ್ದು. ಕಂಪ್ಯೂಟರಿನ ಪಟ್ಟಿ ಅಂಕಿಯ ಬೆಲೆ ನೋಡದೆ ಅಕ್ಷರದಂತೆ ಜೋಡಿಸುತ್ತದೆ, ಹಾಗಾಗಿ 400, ಅದರ ಕೆಳಗೇ 4000. ಒಂದು ಸಾಲು ಮೇಲೆ ಒತ್ತಿದ್ದಾರೆ. 22 ಆಗಸ್ಟ್ 2022, ಸಂಜೆ 4.12. ಯೂಸರ್ — bhanupriya.

ನಾನು.

ಅದೇ ದಿನ, ಮಧ್ಯಾಹ್ನ

ನೆನಪಾಯಿತು. ಆಗ ಸರ್ ಅವರ ತಾಯಿ ಮುನಿತಾಯಮ್ಮ ತೀರಿಕೊಂಡಿದ್ದರು. ಹನ್ನೊಂದನೇ ದಿನದ ಕಾರ್ಯ, ಸರ್ ನೆಲಮಂಗಲದ ಹತ್ತಿರದ ತಮ್ಮ ಊರು ಮಧುರೆಯಲ್ಲಿದ್ದರು. ಫೋನಿನಲ್ಲಿ ಹಿಂದೆ ಜನರ ಗದ್ದಲ. "ಭಾನು, ರನ್ ಮುಗ್ದಿರುತ್ತೆ. ಕೊನೇ ಫೈಲ್ ಎಕ್ಸ್‌ಪೋರ್ಟ್ ಮಾಡಿ ಚಿತ್ರ ಕಳ್ಸಮ್ಮ. ಇವತ್ತೇ ರಿಪೋರ್ಟ್ ಕೊಡ್ಬೇಕು." ಕಳಿಸಿದೆ. ಅವರು ನನ್ನನ್ನು ನಂಬಿದರು. ಅವರು ಮಾಡಿದ ತಪ್ಪೇನಾದರೂ ಇದ್ದರೆ ಅದೊಂದೇ.

ಎರಡೂವರೆ ವರ್ಷದಿಂದ ಈ ಖಾಲಿ ಕುರ್ಚಿ ನೋಡಿ ಅತ್ತಿದ್ದೇನೆ. ಅದನ್ನು ಖಾಲಿ ಮಾಡಿದವಳು ನಾನೇ.

ಜೂನ್ 6, ಶುಕ್ರವಾರ

ಫೋಲ್ಡರ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಖಚಿತವೇ ಎಂದು ಕೇಳಿತು. ಅಳಿಸಲು ಹೇಳಿದವರು ಮ್ಯಾನೇಜರೇ. ಯಾರಿಗೂ ಗೊತ್ತಾಗುವುದಿಲ್ಲ, ಯಾವತ್ತೂ.

ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನೂ ಕೇಳುತ್ತಲೇ ಇತ್ತು.

ಬೇಡ ಎಂದು ಒತ್ತಿ, ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿದೆ. ನಾಲ್ಕು ಸಾವಿರದ್ದನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಫೈಲ್ ನಂಬರನ್ನು ಜೋರಾಗಿ ಓದಿದೆ, ಮೂರು ಸಲ. ಕೇಳುವವರು ಯಾರೂ ಇರಲಿಲ್ಲ.

ಸಂಜೆ ಮೆಟ್ಟಿಲಲ್ಲಿ ಮನೆ ಓನರ್ ಮಾರಕ್ಕ ತಡೆದರು. "ಯಾಕವ್ವಾ, ಮಖ ಹಿಂಗ್ ಬಾಡೋಗೈತೆ? ಊರಿಂದೇನಾರ ಸುದ್ದಿ ಬಂತಾ?" ಇಲ್ಲ ಎಂದೆ. ಯಾರಿಗೆ ಏನೆಂದು ಹೇಳುವುದು...

ಜೂನ್ 8, ಭಾನುವಾರ

ಮಧುರೆಗೆ ಹೋಗಿ ಬಂದೆ.

ಸರ್ ರಸ್ತೆ ಬದಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಕೂದಲು ಪೂರ್ತಿ ಬೆಳ್ಳಗೆ. ನೋಡಿದ ತಕ್ಷಣ ಖುಷಿಯಾದರು. "ಏ ಭಾನು! ಬಾಮ್ಮ, ಬಾ. ದಾರಿ ತಪ್ಪಿ ಬಂದ್ಯೇನು?" ಸ್ಟೂಲು ಒರೆಸಿ ಕೊಟ್ಟರು. ಆ ಖುಷಿಯನ್ನು ನೋಡಿಕೊಂಡು ಹೇಳುವುದೇ ಕಷ್ಟವಾಯಿತು.

ರೈತರೊಬ್ಬರ ಮೋಟಾರು ಡ್ರಮ್ಮಿನ ನೀರಿನಲ್ಲಿ ಓಡುತ್ತಿತ್ತು. ನಿಲ್ಲಿಸಿ ಮತ್ತೆ ಹಾಕಿದರು. ಮತ್ತೆ ನಿಲ್ಲಿಸಿದರು. "ಮೂರು ಸಲ ಓಡ್ಸಿ ನೋಡ್ದೆ ಯಾವ್ದನ್ನೂ ಕೊಡಲ್ಲ ಕಣಮ್ಮ. ಆ ಪಂಪ್ ಆದ್ಮೇಲೆ ನನ್ ಮೇಲೆ ನಂಗೇ ನಂಬ್ಕೆ ಹೋಯ್ತು."

ಲ್ಯಾಪ್‌ಟಾಪ್ ತೆರೆದು ಎರಡೂ ಚಿತ್ರ ಪಕ್ಕಪಕ್ಕ ಇಟ್ಟೆ. ಲಾಗ್ ತೋರಿಸಿದೆ. "ನಾನೂರರದ್ದು ಕಳ್ಸ್ಬಿಟ್ಟೆ ಸರ್. ನಿಮ್ ಲೆಕ್ಕ ಸರಿ ಇತ್ತು. ತಪ್ಪು ನಂದು."

ಗ್ರೀಸ್ ಹತ್ತಿದ ಬೆರಳಿನಿಂದ ಸ್ಕ್ರೀನಿನ ಮೇಲೆ ಆ ನೀಲಿ ಅಂಚನ್ನು ತುದಿಯಿಂದ ತುದಿಗೆ ಸವರಿದರು.

"ಸರಿ ಇತ್ತಾ?"

"ಸರಿ ಇತ್ತು ಸರ್."

"ಎಷ್ಟ್ ದಿವ್ಸ ಆ ಲೆಕ್ಕಾನ ತಲೇಲೇ ಮಾಡಿದೀನಿ ಗೊತ್ತಾ ನಿಂಗೆ? ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಹೆಂಡ್ತಿ ಹುಚ್ಚು ಹಿಡೀತು ಅಂದ್ಕೊಂಡಿದ್ಲು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು, ಬೆನ್ನು ತಿರುಗಿಸಿ ಹೇಳಿದರು.

"ಇವತ್ತು ಹೋಗಮ್ಮ. ಫೋನ್ ಗೀನ್ ಮಾಡ್ಬೇಡ."

ಜೂನ್ 9, ಸೋಮವಾರ

ಸುನಿಲ್‌ಕುಮಾರ್‌ಗೆ ಮೇಲ್ ಕಳಿಸಿದೆ. ಎರಡೂ ಚಿತ್ರ, ಲಾಗ್, ನನ್ನ ಹೆಸರು. ಕ್ಯಾಬಿನ್ನಿಗೆ ಕರೆದರು. ಬೈದಿದ್ದಲ್ಲ, ಬೇಸರ.

"ಎರಡೂವರೆ ವರ್ಷ ಆಯ್ತಲ್ಲಮ್ಮ. ಯಾರ್ ಕೇಳಿದ್ರು ಈಗ?"

"ಯಾರೂ ಕೇಳ್ಲಿಲ್ಲ ಸರ್. ರಿಪೋರ್ಟಲ್ಲಿ ಅವ್ರ ಹೆಸ್ರಿದೆ."

"ನಿಮಗೇ ತೊಂದ್ರೆ ಕಣ್ರೀ."

"ಆಗ್ಲಿ ಸರ್."

ಜುಲೈ 1, ಮಂಗಳವಾರ

ಇಪ್ಪತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಇವತ್ತು ಎರಡು ಪತ್ರ. ಒಂದು ನನಗೆ, ಎಚ್ಚರಿಕೆ ಪತ್ರ, ಈ ವರ್ಷ ಪ್ರಮೋಷನ್ ಇಲ್ಲ. ಇನ್ನೊಂದರ ನಕಲು ತೋರಿಸಿದರು. ಹಳೆ ರಿಪೋರ್ಟಿಗೆ ತಿದ್ದುಪಡಿ, ವಿಶ್ಲೇಷಣೆಯಲ್ಲಿ ಉಮಾಶಂಕರ್ ಅವರ ದೋಷವಿಲ್ಲ ಎಂದು. ಅಸಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಧುರೆಗೆ ಹೋಗಿದೆಯಂತೆ. ನಾಲ್ಕೇ ಸಾಲು. ಸಾಕು.

ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಾನು ಹೋದಾಗ ಟೇಬಲ್ ಮಾತು ನಿಲ್ಲುತ್ತದೆ. ಮೊದಲು ನನ್ನನ್ನು ನೋಡುತ್ತಿರಲಿಲ್ಲ, ಈಗ ನೋಡುತ್ತಾರೆ. ಯಾವುದು ವಾಸಿ, ಗೊತ್ತಿಲ್ಲ.

ಜುಲೈ 11, ಶುಕ್ರವಾರ. ಬೆಳಿಗ್ಗೆ 8

ಬಸ್ಸಿಗೆ ಕಾಯುವಾಗ ಫೋನ್. ಉಮಾಶಂಕರ್ ಸರ್!

"ಪತ್ರ ಬಂತು."

"ಹ್ಞಾ ಸರ್."

"ಕೋಪ ಹೋಗಿಲ್ಲ ನಂಗೆ."

"ಗೊತ್ತು ಸರ್."

ಹಿಂದೆ ಓಡುತ್ತಿದ್ದ ಮೋಟಾರನ್ನು ನಿಲ್ಲಿಸಿದರು. ಆಮೇಲೆ, "ಹೊಸ್ಕೋಟೆ ಕಡೆಯಿಂದ ಒಂದು ಪಂಪ್ ಬಂದಿದೆ, ಅದೇ ಥರ ರೆಕ್ಕೆ ತಿಂದೋಗಿದೆ. ಲೆಕ್ಕ ಹಾಕಿದೀನಿ. ನೋಡೋರು ಒಬ್ರು ಬೇಕು. ಭಾನುವಾರ ಬರ್ತೀಯಾ?"

ಬರ್ತೀನಿ ಎಂದೆನೋ, ಬರೀ ತಲೆ ಆಡಿಸಿದೆನೋ.

ಜುಲೈ 13, ಭಾನುವಾರ. ಬೆಳಿಗ್ಗೆ 10.15

ಮಧುರೆ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೇ ಅಂಗಡಿ. ಬಾಗಿಲು ತೆಗೆದಿದೆ. ಪಂಪನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದಾರೆ. ನನ್ನನ್ನಿನ್ನೂ ನೋಡಿಲ್ಲ. ಹತ್ತು ನಿಮಿಷವಾಯಿತು, ಏಳಲಾಗುತ್ತಿಲ್ಲ. ಮೊದಲ ಮಾತು ಏನಾಡಬೇಕು? ಕ್ಷಮಿಸಿ ಎಂದು ಆವತ್ತು ಒಂದು ಸಲವೂ ಹೇಳಲಿಲ್ಲ. ಈಗಲೇ ಹೇಳಿಬಿಡಲೇ, ಇಲ್ಲ ಕೆಲಸ ಮುಗಿದ ಮೇಲೋ — ಅಯ್ಯೋ, ತಲೆಯೆತ್ತಿದರು. ಈ ಕಡೆಗೇ ನೋಡುತ್ತಿದ್ದಾರೆ. ಏಳುತ್ತೇನೆ.