ಸಾರು ನಥಿ

ಮಂಜಲ್‌ಪುರ, ವಡೋದರಾ
೯ ಫೆಬ್ರವರಿ ೨೦೨೫

ಪ್ರೀತಿಯ ಮನೋಜ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅತ್ತೆ ಇಲ್ಲಿಗೆ ಬಂದ ಮೇಲೆ ಉಡುಪಿಯ ಮನೆಯಲ್ಲಿ ಒಲೆ ಹಚ್ಚುತ್ತೀಯೋ, ಇಲ್ಲ ಮೂರು ಹೊತ್ತೂ ಹೊರಗೇ ತಿನ್ನುತ್ತೀಯೋ? ಅಣ್ಣ ಗುಜರಾತಿಗೆಲ್ಲ ಇಡ್ಲಿ ತಿನ್ನಿಸುತ್ತಾನೆ, ತಮ್ಮನಿಗೆ ಅನ್ನಕ್ಕಿಡಲು ಬರುವುದಿಲ್ಲ ಎಂದು ಮದುವೆಯಾಗಿ ಬಂದ ದಿನದಿಂದ ನಗುತ್ತಿದ್ದೇನೆ. ಫೋನು ಇರುವಾಗ ಅತ್ತಿಗೆ ಕಾಗದ ಬರೆಯುತ್ತಾಳಲ್ಲ ಅಂದುಕೊಳ್ಳಬೇಡ. ನಾನು ಫೋನು ಎತ್ತಿದರೆ ಸಾಕು, ಅತ್ತೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಬರೆದು ಫೋಟೋ ತೆಗೆದು ಕಳಿಸುತ್ತೇನೆ.

ನಿನ್ನ ಅಣ್ಣನ ಲಿವರಿನಲ್ಲಿರುವುದು ಕ್ಯಾನ್ಸರ್ ಎಂದು ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅತ್ತೆಯ ಲೆಕ್ಕದಲ್ಲಿ ಅದು ಬರೀ ಗಡ್ಡೆ, ಕರಗುತ್ತಿದೆ. ಲಿವರ್ ಎಂದ ಕೂಡಲೇ ಸೊಸೈಟಿಯ ಹೆಂಗಸರು, ಇವರು ಕುಡಿಯುತ್ತಿದ್ದರಾ ಎಂದು ಮೆಲ್ಲಗೆ ಕೇಳುತ್ತಾರೆ. ತನ್ನ ಹೋಟೆಲಿನ ಕಾಫಿಯನ್ನೇ ಎರಡು ಗುಟುಕಿಗಿಂತ ಹೆಚ್ಚು ಕುಡಿಯದ ಮನುಷ್ಯ! ನನಗೆ ಮೈ ಉರಿಯುತ್ತದೆ. ಎಂದೋ ರಕ್ತ ಸೇರಿ ಸುಮ್ಮನಿದ್ದ ಕಾಮಾಲೆಯ ವೈರಸ್ಸಿನಿಂದ ಬಂದದ್ದು ಎಂದು ಡಾಕ್ಟರೇ ಹೇಳಿದ್ದಾರೆ.

ಅಹಮದಾಬಾದಿನಲ್ಲಿ ರಕ್ತನಾಳದೊಳಗೆ ನಳಿಗೆ ತೂರಿಸಿ ಗಡ್ಡೆಗೇ ಔಷಧಿ ಬಿಟ್ಟಿದ್ದರಲ್ಲ, ಮೊದಲ ಸಲ ಅದು ಕುಗ್ಗಿತ್ತು. ಸ್ಕ್ಯಾನ್ ನೋಡಿ ಡಾಕ್ಟರು ನಗುತ್ತ "ಸಾರು ಛೇ" ಅಂದರು. ಗುಜರಾತಿಯಲ್ಲಿ ಚೆನ್ನಾಗಿದೆ ಅಂತ. ಅತ್ತೆ ಅದನ್ನು ತಮ್ಮ ಮೆಣಸಿನ ಸಾರಿನ ಮಹಿಮೆ ಎಂದೇ ತಿಳಿದರು. ಅಂದಿನಿಂದ ದಿನಾ ಸಾರು; ನಾವೂ ನಕ್ಕು ಸುಮ್ಮನಾದೆವು. ಕಳೆದ ತಿಂಗಳು, ಎರಡನೆಯ ಸಲದ ಚಿಕಿತ್ಸೆಯಾದ ಮೇಲೆ, ಡಾಕ್ಟರು ಸ್ಕ್ಯಾನನ್ನು ಬಹಳ ಹೊತ್ತು ನೋಡಿದರು. ಹಳೆಯದು ಹಾಗೇ ಇದೆ, ಪಕ್ಕದಲ್ಲಿ ಹೊಸದೆರಡು ಎದ್ದಿವೆ. "ಸಾರು ನಥಿ" ಅಂದರು. ನಥಿ ಎಂದರೆ ಇಲ್ಲ ಎಂದು ತರಕಾರಿ ಗಾಡಿಯವನಿಂದ ಕಲಿತಿರುವ ಅತ್ತೆ ಕಾರಿನಲ್ಲಿ ಕೂತ ಕೂಡಲೇ ಶುರುಮಾಡಿದರು. "ಸಾರು ಬೇಡ ಅಂದ್ರಲ್ಲ ಡಾಕ್ಟ್ರು, ಖಾರ ಜಾಸ್ತಿ ಆಯ್ತು ಕಾಣ್ತದೆ. ನಾಳೆಯಿಂದ ಗಂಜಿ ಮಾಡ್ತೇನೆ ಮಗಾ." ಇವರು ಕಿಟಕಿಯ ಕಡೆ ಮುಖ ಮಾಡಿ, "ಆಯ್ತಮ್ಮ" ಅಂದರು. ವಡೋದರಾ ಬರುವ ತನಕ ನಾನು ಇವರ ಮುಖ ನೋಡಲಿಲ್ಲ. ಈಗ ದಿನಾ ಗಂಜಿ. ಅತ್ತೆಯನ್ನು ತಿದ್ದುವ ಧೈರ್ಯ ನನಗಿಲ್ಲ.

ಇನ್ನು ನಳಿಗೆಯಿಂದ ಪ್ರಯೋಜನವಿಲ್ಲ, ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಔಷಧಿ ಶುರುಮಾಡೋಣ ಅಂದಿದ್ದಾರೆ. ಅದು ಹಿಡಿದರೆ ವರ್ಷಗಟ್ಟಲೆ ಬದುಕಿದವರಿದ್ದಾರೆ. ಹಿಡಿಯದಿದ್ದರೆ ತಿಂಗಳುಗಳ ಮಾತು. ಕೊಟ್ಟೇ ನೋಡಬೇಕು, ಅದೂ ಲಿವರ್ ತಡೆದುಕೊಳ್ಳುವಷ್ಟು ಗಟ್ಟಿ ಇರುವಾಗಲೇ. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ ಡ್ರಿಪ್ ಶುರುವಾದರೆ ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ ಎಂದು ನಿನ್ನ ಅಣ್ಣ ಹಟ ಹಿಡಿದು ಕೂತಿದ್ದಾರೆ. ಅಮ್ಮ ಊರಿಗೆ ಹೋದ ಮೇಲೆ ಶುರುಮಾಡುತ್ತೇನೆ ಅನ್ನುತ್ತಾರೆ. ಅತ್ತೆ, ಮಗ ಗುಣವಾದ ಮೇಲೇ ಊರಿಗೆ ಹೋಗುವುದು ಅನ್ನುತ್ತಾರೆ. ಇವರಿಬ್ಬರ ನಡುವೆ ವಾರಗಳು ಹೋಗುತ್ತಿವೆ. ನನಗೆ ಭಯವಾಗುತ್ತಿದೆ ಮನೋಜ. ಕೋಪವೂ ಬರುತ್ತದೆ, ಯಾರ ಮೇಲೆ ತೀರಿಸಿಕೊಳ್ಳಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ನಿನ್ನ ಮೇಲೆ ಸದಾ ಇದೆ.

ನಿನ್ನ ಅತ್ತಿಗೆ,
ಇಂದುಮತಿ

ತಾ.ಕ.: ಅತ್ತೆ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಇದನ್ನು ಓದಿದ ಕೂಡಲೇ ಅವರಿಗೆ ಫೋನು ಮಾಡಿ, ಹೆಣ್ಣು ನೋಡಲು ಒಪ್ಪಿದ್ದೇನೆ, ನೀನು ಬಾರದೆ ಆಗುವುದಿಲ್ಲ ಎಂದು ಹೇಳು. ನಲವತ್ತು ದಾಟಿದರೂ ಬೇಡ ಬೇಡ ಎಂದು ತಪ್ಪಿಸಿಕೊಂಡವನು ನೀನು, ಗೊತ್ತು. ಆದರೆ ಅವರು ಇಲ್ಲಿಂದ ಏಳುವುದಿದ್ದರೆ ಅದೊಂದು ಮಾತಿಗೇ. ಆಮೇಲೆ ಬೈಸಿಕೊಳ್ಳಬೇಕಾಗಿ ಬಂದರೆ ನನ್ನ ಹೆಸರು ಹೇಳು. ನೀನೇ ಬಂದು ಕರೆದುಕೊಂಡು ಹೋಗು, ಅಣ್ಣನನ್ನೂ ನೋಡಿದಂತಾಗುತ್ತದೆ. ನಿನ್ನೆ ಇವರು ಒಂದೇ ಮಾತು ಹೇಳಿದರು: "ಇಂದೂ, ನನಗೊಮ್ಮೆ ಜೋರಾಗಿ ಅಳಬೇಕು. ಅಮ್ಮ ಮನೆಯಲ್ಲಿರುವಾಗ ಆಗೂದಿಲ್ಲ."